ಫ್ಲಾಪಿ ಡ್ರೈವಿನ ದೋಷನಿದಾನವೂ ಆಕರವಿಮರ್ಶೆಯೂ: ಜಯನಗರದ ಒಂದು ಸಂಗ್ರಹವನ್ನು ಕುರಿತು

ನಮ್ಮ ನಾಡಿನ ಇತಿಹಾಸಕ್ಕೆ ಆಕರಗಳಾವುವು ಎಂದರೆ ಶಾಸನ, ಓಲೆಗರಿ, ಕಡತ, ಕೈಫಿಯತ್ತು, ಸರ್ಕಾರಿ ದಫ್ತರ, ವೃತ್ತಪತ್ರಿಕೆ ಎಂದು ಎಣಿಸುತ್ತ ಹೋಗುವುದು ವಾಡಿಕೆ. ಸುಮಾರು ೧೯೮೫ರಿಂದ ೨೦೦೦ದವರೆಗಿನ ಅವಧಿಯ ಮಟ್ಟಿಗೆ ಈ ಪಟ್ಟಿಗೆ ಮತ್ತೊಂದನ್ನು ಸೇರಿಸದೆ ಗತ್ಯಂತರವಿಲ್ಲ. ಅದು ಗಣಕಯಂತ್ರದ ಫ್ಲಾಪಿ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಎಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ, ನಿವೃತ್ತ ಇಂಜಿನಿಯರುಗಳ, ಅಧ್ಯಾಪಕರ, ಲೇಖಕರ ಮನೆಯ ಕಪಾಟುಗಳಲ್ಲಿ ಇಂಥ ಫ್ಲಾಪಿಗಳ ಪೆಟ್ಟಿಗೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅವುಗಳನ್ನು ಓದತಕ್ಕ ಯಂತ್ರಗಳು ಉಳಿದಿರುವುದು ವಿರಳ. ಉಳಿದವು ಬಹುಮಟ್ಟಿಗೆ ಕೆಟ್ಟು ನಿಂತಿವೆ. ಕೆಟ್ಟ ಡ್ರೈವನ್ನು ಹೇಗೆ ಪರೀಕ್ಷಿಸಬೇಕು, ಯಾವ ಕ್ರಮದಲ್ಲಿ ಸರಿಪಡಿಸಬೇಕು, ಎಲ್ಲಿ ಸರಿಪಡಿಸದೆ ಕೈ ಬಿಡಬೇಕು ಎಂಬುದು ಮೇಲ್ನೋಟಕ್ಕೆ ಕುಶಲಕರ್ಮಿಗಳಿಗೆ ಮಾತ್ರ ಸೇರಿದ ವಿಷಯವೆಂದು ತೋರಬಹುದು. ಅದು ಆಕರವಿಮರ್ಶೆಯ ಒಂದು ಅಂಗವೇ ಎಂಬುದನ್ನು, ನಮ್ಮ ವಿಭಾಗಕ್ಕೆ ಜಯನಗರದ ಮನೆಯೊಂದರಿಂದ ಬಂದ ಸಂಗ್ರಹವನ್ನು ಮುಂದಿಟ್ಟುಕೊಂಡು, ಪ್ರಕೃತ ಪ್ರಬಂಧದಲ್ಲಿ ವಿಚಾರಿಸಲಾಗಿದೆ.

ಸಂಗ್ರಹದ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದ ಮಹನೀಯರೊಬ್ಬರು ೧೯೮೯ರಿಂದ ಸುಮಾರು ಐದು ವರ್ಷಗಳ ಕಾಲ, ಹೊಸ ಬಡಾವಣೆಗಳ ಅಡಿಯಲ್ಲಿ ಹುದುಗಿಹೋದ ಹಳ್ಳಿಗಳ ವೃದ್ಧರನ್ನು ಕಂಡು, ಅವರು ಹೇಳಿದುದನ್ನು ಬರೆದುಕೊಂಡು ಬಂದು, ಮನೆಯ ಗಣಕಯಂತ್ರದಲ್ಲಿ ಕನ್ನಡದಲ್ಲಿಯೇ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಡುತ್ತಿದ್ದರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಬಿ.ಟಿ.ಎಂ. ಎಂಬ ಹೆಸರು ಹುಟ್ಟಿತೆಂಬುದನ್ನು ಆ ಬಡಾವಣೆಯ ಅನೇಕ ನಿವಾಸಿಗಳೇ ಇಂದು ಅರಿಯರು. ಯಡಿಯೂರು, ಸಾರಕ್ಕಿ, ಕದಿರೇನಹಳ್ಳಿ, ಜರಗನಹಳ್ಳಿಗಳ ಮಾತೂ ಅಷ್ಟೆ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಂದಿನಿಂದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ, ೧೯೭೬ರಿಂದೀಚೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಸ್ವಾಧೀನಪಡಿಸಿಕೊಂಡ ಜಮೀನಿನ ಸರ್ವೆ ನಂಬರುಗಳು ದಫ್ತರಗಳಲ್ಲಿ ದೊರೆಯುತ್ತವೆ. ಆ ಹೊಲಕ್ಕೆ ಊರವರು ಇಟ್ಟಿದ್ದ ಹೆಸರು, ಬಾವಿಯ ನೀರಿನ ಸರದಿ, ಕೆರೆಯ ಕೋಡಿ ಬಿದ್ದಾಗ ನೀರು ಹರಿಯುತ್ತಿದ್ದ ದಾರಿ, ಪರಿಹಾರದ ಹಣ ಕೈಸೇರಿದ ಮೇಲೆ ಕುಟುಂಬ ಎಲ್ಲಿಗೆ ಹೋಯಿತು ಎಂಬ ಸಂಗತಿ, ಇವು ಯಾವ ದಫ್ತರದಲ್ಲಿಯೂ ಇಲ್ಲ. ಹೇಳಿದವರು ಇಂದು ಬದುಕಿಲ್ಲ, ಬರೆದುಕೊಂಡವರೂ ಇಲ್ಲ. ಟಿಪ್ಪಣಿಯ ಪುಸ್ತಕಗಳು ಗೆದ್ದಲಿಗೆ ಆಹುತಿಯಾಗಿವೆ. ಉಳಿದಿರುವುದು ಐದೂಕಾಲು ಅಂಗುಲದ ಹತ್ತೊಂಬತ್ತು ಫ್ಲಾಪಿಗಳು ಮತ್ತು ಎಕ್ಸ್‌ಟಿ ಮಾದರಿಯ ಒಂದು ಜೋಡಿಸಿದ ಗಣಕಯಂತ್ರ. ಅವರ ಮಗಳು ಎರಡನ್ನೂ ಒಟ್ಟಿಗೆ ತಂದುಕೊಟ್ಟರು. ಈ 'ಒಟ್ಟಿಗೆ' ಎಂಬ ಮಾತಿನ ಮಹತ್ತ್ವ ಮುಂದೆ ತಿಳಿಯುತ್ತದೆ.

ಫ್ಲಾಪಿಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪಿಸಬಹುದು. ೧೯೭೧ರಲ್ಲಿ ಐಬಿಎಂ ಸಂಸ್ಥೆ ತನ್ನ ದೊಡ್ಡ ಯಂತ್ರಗಳೊಳಕ್ಕೆ ಆದೇಶಗಳನ್ನು ತುಂಬಲು ಎಂಟು ಅಂಗುಲದ ತಟ್ಟೆಯನ್ನು ಹೊರತಂದಿತು. ಅದರ ಡ್ರೈವು ಓದಬಲ್ಲುದಾಗಿತ್ತೇ ಹೊರತು ಬರೆಯಬಲ್ಲುದಾಗಿರಲಿಲ್ಲ. ೧೯೭೩ರಲ್ಲಿ ಬರೆಯುವ ಶಕ್ತಿಯೂ ಬಂದಿತು. ೧೯೭೬ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಅಮೆರಿಕದ ಸಂಸ್ಥೆ ಐದೂಕಾಲು ಅಂಗುಲದ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಹೊರಬಂದಾಗ ಅದರಲ್ಲಿದ್ದ ಡ್ರೈವುಗಳು ಭಾರತಮೂಲದ ಜುಗಿ ಟಂಡನ್ ಅವರು ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ್ದ ಸಂಸ್ಥೆಯವು ಎಂಬುದು ನಮ್ಮವರು ಅಷ್ಟಾಗಿ ಗಮನಿಸದ ಸಂಗತಿ. ಮೂರೂವರೆ ಅಂಗುಲದ, ಗಟ್ಟಿ ಕವಚದ ತಟ್ಟೆ ಸೋನಿ ಸಂಸ್ಥೆಯದು. ಅದೇ ಸಂಸ್ಥೆ ೨೦೧೧ರ ಮಾರ್ಚಿಯಲ್ಲಿ ಜಪಾನಿನಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಹೀಗೆ ನಲವತ್ತು ವರ್ಷಗಳಲ್ಲಿ ಒಂದು ಬರವಣಿಗೆಯ ಸಾಮಗ್ರಿ ಹುಟ್ಟಿ, ಲೋಕವನ್ನೆಲ್ಲ ವ್ಯಾಪಿಸಿ, ಮರೆಯಾಯಿತು.

ಬೆಂಗಳೂರಿಗೆ ಅದು ಬಂದ ಬಗೆಯನ್ನು ಹೇಳಬೇಕಾದರೆ ೧೯೭೮ರಲ್ಲಿ ಐಬಿಎಂ ಭಾರತವನ್ನು ಬಿಟ್ಟುಹೋದುದರಿಂದ ಆರಂಭಿಸಬೇಕು. ಆ ತೆರವಿನಲ್ಲಿ ವಿಪ್ರೋ, ಪಿಎಸ್‌ಐ ಡಾಟಾ ಸಿಸ್ಟಮ್ಸ್ ಮೊದಲಾದ ಸಂಸ್ಥೆಗಳು ಇಲ್ಲಿಯೇ ಯಂತ್ರಗಳನ್ನು ಕಟ್ಟತೊಡಗಿದವು. ೧೯೮೩ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದಿತು. ಆಡುಗೋಡಿಯ ಮೈಕೋ ಕಾರ್ಖಾನೆ ಅದರ ಆದಿಕಾಲದ ಗ್ರಾಹಕರಲ್ಲೊಂದು. ೧೯೮೪ರ ನವೆಂಬರಿನ ಗಣಕಯಂತ್ರ ನೀತಿಯಿಂದ ಆಮದಿನ ಕಟ್ಟುಗಳು ಸಡಿಲಿದ ಮೇಲೆ, ಬಿಡಿಭಾಗಗಳನ್ನು ತರಿಸಿ ಜೋಡಿಸಿದ ಅಗ್ಗದ ಯಂತ್ರಗಳು ಮನೆಗಳನ್ನೂ ಪ್ರವೇಶಿಸಿದವು. ನಮ್ಮ ಸಂಗ್ರಹದ ಯಂತ್ರವೂ ಈ ಬಗೆಯದೇ. ಡ್ರೈವಿನ ನಾಮಪಟ್ಟಿ ಉದುರಿಹೋಗಿರುವುದರಿಂದ ತಯಾರಕರು ಯಾರೆಂದು ತಿಳಿಯುವುದಿಲ್ಲ. ಪ್ರಕೃತಕ್ಕೆ ಅದು ಅವಶ್ಯವೂ ಅಲ್ಲ.

ಇನ್ನು ಡ್ರೈವಿನ ರಚನೆ. ಫ್ಲಾಪಿಯೆಂದರೆ ಕಬ್ಬಿಣದ ಆಕ್ಸೈಡನ್ನು ಲೇಪಿಸಿದ, ಬಾಗುವ ಪಾಲಿಯೆಸ್ಟರ್ ತಟ್ಟೆ. ಅದು ಚೌಕಾಕಾರದ ಕವಚದೊಳಗೆ ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆ. ಮೇಲೊಂದು ಕೆಳಗೊಂದು ಚಿಕ್ಕ ಹೆಡ್ಡುಗಳು ತಟ್ಟೆಯನ್ನು ಮುಟ್ಟಿಕೊಂಡೇ ಓದುತ್ತವೆ, ಬರೆಯುತ್ತವೆ. ಬರಹವು ಏಕಕೇಂದ್ರದ ವೃತ್ತಗಳಲ್ಲಿ ಅಡಕವಾಗಿರುತ್ತದೆ. ಈ ವೃತ್ತಗಳಿಗೆ ಟ್ರ್ಯಾಕ್ ಎಂದು ಹೆಸರು. ನಮ್ಮ ಫ್ಲಾಪಿಗಳಲ್ಲಿ ಒಂದೊಂದು ಮೈಯಲ್ಲಿ ೪೦ ಟ್ರ್ಯಾಕು, ಪ್ರತಿಯೊಂದರಲ್ಲಿ ೯ ಖಂಡ, ಪ್ರತಿಖಂಡದಲ್ಲಿ ೫೧೨ ಬೈಟು. ಎರಡು ಮೈಗೂ ಸೇರಿ ೩,೬೮,೬೪೦ ಬೈಟು. ಅಕ್ಷರದ ಲೆಕ್ಕದಲ್ಲಿ ಇದು ಮುನ್ನೂರು ಪುಟದ ಸಾಧಾರಣ ಪುಸ್ತಕಕ್ಕೆ ಸಾಕು. ಒಂದು ಟ್ರ್ಯಾಕಿಗೂ ಮುಂದಿನದಕ್ಕೂ ಇರುವ ಅಂತರ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಬರಹದ ಅಗಲ ಸುಮಾರು ಮೂರನೆಯ ಒಂದು ಮಿಲಿಮೀಟರು. ಹೆಡ್ಡನ್ನು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಒಯ್ಯುವುದು ಹಂತಹಂತವಾಗಿ ತಿರುಗುವ ಮೋಟಾರು, ಅದಕ್ಕೆ ಸುತ್ತಿದ ತೆಳುವಾದ ಉಕ್ಕಿನ ಪಟ್ಟಿ, ಮತ್ತು ಹೆಡ್ಡು ಜಾರುವ ಎರಡು ಕಂಬಿಗಳು. ಈ ಮೂರೂ ಸರಿಯಿದ್ದರೆ ಹೆಡ್ಡು ನಿಲ್ಲಬೇಕಾದ ಕಡೆ ನಿಲ್ಲುತ್ತದೆ. ಗಮನಿಸಬೇಕಾದುದೇನೆಂದರೆ, ತಾನು ನಿಂತುದು ಸರಿಯಾದ ಸ್ಥಳವೇ ಎಂದು ತಿಳಿಯುವ ಸಾಧನ ಇಂಥ ಡ್ರೈವಿಗೆ ಇಲ್ಲ. ತೀರ ಹೊರಗಿನ ಟ್ರ್ಯಾಕನ್ನು ಸೂಚಿಸುವ ಒಂದು ಬೆಳಕಿನ ಕಣ್ಣು ಮಾತ್ರ ಇದೆ. ಅಲ್ಲಿಂದ ಮುಂದೆ ಎಲ್ಲವೂ ಎಣಿಕೆಯ ಮೇಲಿನ ನಂಬಿಕೆ.

ಕೆಟ್ಟ ಡ್ರೈವಿನ ಮುಂದೆ ಕುಳಿತವರು ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ಬೇಕಾದ ಫ್ಲಾಪಿಯನ್ನು ಅದರೊಳಕ್ಕೆ ತುರುಕಿ ನೋಡುವುದು. ಇದಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ. ಹೆಡ್ಡಿನ ಮೇಲೆ ಕೊಳೆ ಗಟ್ಟಿಯಾಗಿ ನಿಂತಿದ್ದರೆ ತಟ್ಟೆಯ ಲೇಪ ಕೆರೆದುಹೋಗುತ್ತದೆ; ಹೀಗೆ ಹೋದ ಬರಹ ಮತ್ತೆ ಬಾರದು. ಓಲೆಗರಿಯನ್ನು ಬಿಚ್ಚುವ ಮುನ್ನ ಎಣ್ಣೆ ಸವರಿ ಹದಗೊಳಿಸುವ ಪದ್ಧತಿ ನಮ್ಮ ಹಸ್ತಪ್ರತಿ ಭಂಡಾರಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಇಲ್ಲಿ ಹದಗೊಳಿಸಬೇಕಾದುದು ಮೊದಲು ಯಂತ್ರವನ್ನು. ಆದಕಾರಣ ಹತ್ತೊಂಬತ್ತು ಫ್ಲಾಪಿಗಳನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ, ಏನೂ ಬರೆಯದ ಒಂದು ಖಾಲಿ ಫ್ಲಾಪಿಯಿಂದಲೇ ಪರೀಕ್ಷೆಯನ್ನೆಲ್ಲ ನಡೆಸಲಾಯಿತು.

ವಿದ್ಯುತ್ತಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಡ್ರೈವಿಗೆ ೫ ವೋಲ್ಟು ಮತ್ತು ೧೨ ವೋಲ್ಟು ಎರಡೂ ಬೇಕು. ಮೊದಲನೆಯದು ಮಂಡಲಗಳಿಗೆ, ಎರಡನೆಯದು ಮೋಟಾರಿಗೆ. ಮೀಟರಿನಿಂದ ಅಳೆದಾಗ ಎರಡೂ ಸರಿಯಾಗಿದ್ದವು. ಗುಂಡಿ ಒತ್ತಿದೊಡನೆ ಡ್ರೈವಿನ ದೀಪ ಹತ್ತಿ, ಆರದೆ ಉಳಿಯಿತು. ಇದು ಬಲ್ಲವರಿಗೆ ಸ್ಪಷ್ಟವಾದ ಲಕ್ಷಣ. ಮೂವತ್ತನಾಲ್ಕು ತಂತಿಗಳ ಚಪ್ಪಟೆ ಕೇಬಲ್ಲನ್ನು ಯಾರೋ ಹಿಂದೊಮ್ಮೆ ತೆಗೆದು ತಿರುವುಮುರುವಾಗಿ ಸಿಕ್ಕಿಸಿದ್ದರು. ಕೇಬಲ್ಲಿನ ಒಂದು ಅಂಚಿನಲ್ಲಿ ಬಣ್ಣದ ಗೆರೆಯಿರುತ್ತದೆ. ಅದು ಒಂದನೆಯ ತಂತಿಯ ಗುರುತು. ಅದನ್ನು ನೋಡಿಕೊಂಡು ಸಿಕ್ಕಿಸಿದೊಡನೆ ಈ ದೋಷ ಕಳೆಯಿತು. ಅನೇಕ ಹಳೆಯ ಯಂತ್ರಗಳು ಇಷ್ಟೇ ಕಾರಣದಿಂದ ಗುಜರಿಗೆ ಹೋಗಿರಬಹುದೆಂದು ಊಹಿಸಲು ಅವಕಾಶವಿದೆ.

ಎರಡನೆಯದು ವೇಗ. ನಮ್ಮ ಡ್ರೈವಿನಲ್ಲಿ ಮೋಟಾರು ನೇರವಾಗಿ ತಟ್ಟೆಯನ್ನು ತಿರುಗಿಸುವುದಿಲ್ಲ. ನಡುವೆ ಒಂದು ರಬ್ಬರಿನ ಬೆಲ್ಟಿದೆ. ಬೆಲ್ಟು ಸುತ್ತಿಕೊಂಡಿರುವ ಗಾಲಿಯ ತಳದಲ್ಲಿ ಕಪ್ಪು ಬಿಳುಪು ಗೆರೆಗಳ ಎರಡು ವೃತ್ತಗಳನ್ನು ಮುದ್ರಿಸಿ, ಒಂದಕ್ಕೆ ೫೦, ಮತ್ತೊಂದಕ್ಕೆ ೬೦ ಎಂದು ನಮೂದಿಸಿದ್ದಾರೆ. ಇದರ ಉಪಯೋಗ ಬಹು ಸೊಗಸಾದುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಹಳೆಯ ಚೋಕಿನ ಟ್ಯೂಬ್‌ಲೈಟು ಅದಕ್ಕನುಗುಣವಾಗಿ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಆ ಬೆಳಕಿನಲ್ಲಿ ತಿರುಗುವ ಗಾಲಿಯನ್ನು ನೋಡಿದಾಗ ೫೦ರ ವೃತ್ತದ ಗೆರೆಗಳು ನಿಶ್ಚಲವಾಗಿ ನಿಂತಂತೆ ಕಂಡರೆ ವೇಗ ಸರಿಯಾಗಿ ೩೦೦. ಹಿಂದಕ್ಕೆ ಸರಿದಂತೆ ಕಂಡರೆ ಕಡಿಮೆ, ಮುಂದಕ್ಕೆ ಸರಿದರೆ ಹೆಚ್ಚು. ಈಗಿನ ಎಲ್‌ಇಡಿ ದೀಪಗಳು ಅನೇಕವು ಈ ರೀತಿ ಮಿನುಗುವುದಿಲ್ಲವಾದ್ದರಿಂದ ವಿಭಾಗದ ಉಗ್ರಾಣದಿಂದ ಹಳೆಯ ಟ್ಯೂಬ್‌ಲೈಟೊಂದನ್ನು ಹುಡುಕಿ ತೆಗೆಯಬೇಕಾಯಿತು. ಗೆರೆಗಳು ಹಿಂದಕ್ಕೆ ಜಾರುತ್ತಿದ್ದವು. ಬೆಲ್ಟು ಸಡಿಲಿತ್ತು. ಹೊಸದನ್ನು ಹಾಕಿ, ಮೋಟಾರಿನ ಮಂಡಲದಲ್ಲಿರುವ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಗೆರೆಗಳು ನಿಂತವು.

ಮೂರನೆಯದು ಕೊಳೆ. ಹೆಡ್ಡುಗಳನ್ನು ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನೂಲೇಳದ ಬಟ್ಟೆಯಿಂದ ಒರೆಸಿದಾಗ ಕಂದುಬಣ್ಣದ ಹುಡಿ ಬಂದಿತು. ಅದು ಧೂಳಲ್ಲ, ಹಿಂದೆ ಯಾವುದೋ ಫ್ಲಾಪಿಯಿಂದ ಸವೆದು ಬಂದ ಲೇಪವೇ. ಮೇಲಿನ ಹೆಡ್ಡು ಬಹು ಸೂಕ್ಷ್ಮವಾದ ಸ್ಪ್ರಿಂಗಿನ ಮೇಲೆ ಕುಳಿತಿರುವುದರಿಂದ ಅದನ್ನು ಹೆಚ್ಚು ಎತ್ತಬಾರದು. ಜಾರುಗಂಬಿಗಳ ಗ್ರೀಸು ಮೂವತ್ತು ವರ್ಷಗಳಲ್ಲಿ ಒಣಗಿ ಅಂಟಿನಂತಾಗಿದ್ದುದರಿಂದ ಹೆಡ್ಡು ಒಳಗಿನ ಟ್ರ್ಯಾಕುಗಳವರೆಗೆ ಹೋಗುತ್ತಲೇ ಇರಲಿಲ್ಲ. ಅದನ್ನು ಒರೆಸಿ ತೆಳುವಾದ ಎಣ್ಣೆ ಹಚ್ಚಿದ ಮೇಲೆ ಚಲನೆ ಸಲೀಸಾಯಿತು. ಎಟಿ ಮಾದರಿಯ ಯಂತ್ರವಾಗಿದ್ದರೆ ಇಷ್ಟರೊಂದಿಗೆ ಒಳಗಿನ ಬ್ಯಾಟರಿಯನ್ನೂ ನೋಡಬೇಕಾಗುತ್ತಿತ್ತು. ಅದು ಸತ್ತರೆ ತನ್ನಲ್ಲಿರುವುದು ಯಾವ ಬಗೆಯ ಡ್ರೈವೆಂಬುದನ್ನೇ ಯಂತ್ರ ಮರೆಯುತ್ತದೆ. ಎಕ್ಸ್‌ಟಿಯಲ್ಲಿ ಆ ತೊಡಕಿಲ್ಲ. ಅಲ್ಲಿ ಎಲ್ಲವೂ ಪುಟ್ಟ ಸ್ವಿಚ್ಚುಗಳ ಮೇಲೆ ನಿಂತಿದೆ.

ಇಷ್ಟಾದ ಮೇಲೆ ಖಾಲಿ ಫ್ಲಾಪಿಯನ್ನು ಹಾಕಿ, ಫಾರ್ಮ್ಯಾಟ್ ಮಾಡಿ, ಬರೆದು, ಓದಿಸಿದಾಗ ಯಂತ್ರ ಏನೊಂದೂ ತಪ್ಪಿಲ್ಲದೆ ಓದಿತು. ಕೆಲಸ ಮುಗಿಯಿತೆಂದು ಭಾವಿಸುವುದು ಸಹಜವಾದ ಘಟ್ಟವಿದು. ಆದರೆ ಕಾರ್ಖಾನೆಯಲ್ಲಿಯೇ ಬರೆದು ಮಾರುತ್ತಿದ್ದ ಡಾಸ್‌ನ ಮೂಲ ಫ್ಲಾಪಿಯೊಂದನ್ನು ಹಾಕಿದಾಗ 'ಸೆಕ್ಟರ್ ನಾಟ್ ಫೌಂಡ್', ಎಂದರೆ ಖಂಡವೇ ಸಿಕ್ಕಲಿಲ್ಲ, ಎಂಬ ಉತ್ತರ ಬಂದಿತು. ಆ ಮೂಲ ಫ್ಲಾಪಿ ಮತ್ತೊಂದು ಸುಸ್ಥಿತಿಯ ಡ್ರೈವಿನಲ್ಲಿ ಚೆನ್ನಾಗಿ ಓದಿಸಿಕೊಂಡಿತು. ನಮ್ಮ ಡ್ರೈವಿನಲ್ಲಿ ಬರೆದ ಖಾಲಿ ಫ್ಲಾಪಿಯನ್ನು ಆ ಸುಸ್ಥಿತಿಯ ಡ್ರೈವಿಗೆ ಹಾಕಿದರೆ ಅದು ಓದಲಿಲ್ಲ. ತಾನು ಬರೆದುದನ್ನು ತಾನೊಬ್ಬನೇ ಓದಬಲ್ಲ, ಪರರು ಬರೆದುದನ್ನು ಓದಲಾರ, ತಾನು ಬರೆದುದು ಪರರಿಗೆ ತಿಳಿಯದು: ಈ ಮೂರು ಲಕ್ಷಣಗಳು ಕೂಡಿದಾಗ ನಿರ್ಣಯ ಒಂದೇ. ಹೆಡ್ಡು ಟ್ರ್ಯಾಕಿನ ನಡುವೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದೆ. ಉಕ್ಕಿನ ಪಟ್ಟಿಯೋ ಮೋಟಾರನ್ನು ಬಿಗಿದ ತಿರುಪೋ ಎಂದೋ ಒಂದಿಷ್ಟು ಸರಿದಿರಬೇಕು. ಬರಹದ ಅಗಲವೇ ಮೂರನೆಯ ಒಂದು ಮಿಲಿಮೀಟರಾದುದರಿಂದ ಅದರ ಅರ್ಧದಷ್ಟು ಸರಿದರೂ ಸಾಕು.

ಎಸ್.ಪಿ. ರಸ್ತೆಯಲ್ಲಿ ಬಹುಕಾಲ ಇದೇ ಕೆಲಸ ಮಾಡಿದ್ದ ಹಿರಿಯ ಕುಶಲಕರ್ಮಿಯೊಬ್ಬರಿಗೆ ಡ್ರೈವನ್ನು ತೋರಿಸಿದೆವು. ಅವರು ಈ ನಿರ್ಣಯವನ್ನು ಒಪ್ಪಿ, ಸರಿಪಡಿಸುವ ವಿಧಾನವನ್ನೂ ಹೇಳಿದರು. ಅದಕ್ಕೆಂದೇ ಮಾಡಿದ ಪ್ರಮಾಣಫ್ಲಾಪಿಯೊಂದನ್ನು ಹಾಕಿ, ಆಸಿಲ್ಲೋಸ್ಕೋಪಿನ ಪರದೆಯ ಮೇಲೆ ಬೆಕ್ಕಿನ ಕಣ್ಣಿನಂತೆ ಕಾಣುವ ಎರಡು ಆಕೃತಿಗಳು ಸಮವಾಗುವವರೆಗೆ ಹೆಡ್ಡನ್ನು ಸರಿಸಿ ತಿರುಪು ಬಿಗಿಯುತ್ತಾರೆ. ಅರ್ಧ ಗಂಟೆಯ ಕೆಲಸ. ಅವರು ಸಲಕರಣೆಗಳನ್ನು ತೆಗೆದು ಸಿದ್ಧರಾದಾಗ ಬೇಡವೆಂದು ಕೇಳಿಕೊಳ್ಳಬೇಕಾಯಿತು. ಕೆಟ್ಟ ಯಂತ್ರವನ್ನು ಹೊತ್ತು ತಂದವರೇ ಸರಿಮಾಡಬೇಡಿ ಎಂದುದು ಅವರಿಗೆ ವಿಚಿತ್ರವಾಗಿ ತೋರಿರಬೇಕು. ಕಾರಣವನ್ನು ಕೇಳಿದ ಮೇಲೆ ಅವರೇ ತಲೆದೂಗಿದರು.

ಕಾರಣವಿಷ್ಟೆ. ಉಪಾಧ್ಯಾಯರ ಫ್ಲಾಪಿಗಳನ್ನು ಬರೆದುದು ಈ ಡ್ರೈವು. ಬರೆಯುವಾಗಲೇ ಹೆಡ್ಡು ಸರಿದಿದ್ದರೆ ಆ ಬರಹವೆಲ್ಲವೂ ಅಷ್ಟೇ ಸರಿದ ಸ್ಥಾನದಲ್ಲಿದೆ. ಅದನ್ನು ಓದಬಲ್ಲುದು ಅಷ್ಟೇ ಸರಿದ ಹೆಡ್ಡು ಮಾತ್ರ. ಡ್ರೈವನ್ನು ಲೋಕದ ಪ್ರಮಾಣಕ್ಕೆ ಸರಿಪಡಿಸಿದ ಕ್ಷಣದಲ್ಲಿ ಆ ಫ್ಲಾಪಿಗಳನ್ನು ಸಲೀಸಾಗಿ ಓದಬಲ್ಲ ಏಕೈಕ ಯಂತ್ರವೂ ಇಲ್ಲವಾಗುತ್ತಿತ್ತು. ವೇಗದ ದೋಷ ಹೀಗಲ್ಲ. ತಟ್ಟೆಯ ವೇಗದಲ್ಲಿ ಸ್ವಲ್ಪ ಏರುಪೇರಾದರೂ ಓದುವ ಮಂಡಲ ಅದನ್ನು ಹಿಂಬಾಲಿಸಬಲ್ಲುದು. ಆದ್ದರಿಂದಲೇ ಬೆಲ್ಟನ್ನು ಬದಲಾಯಿಸಲು ಸಂಕೋಚಪಡಲಿಲ್ಲ. ಕೊಳೆಯೂ ಬರಹದ ಅಂಗವಲ್ಲ. ಸ್ಥಾನಭ್ರಂಶ ಮಾತ್ರ ಬರಹದೊಂದಿಗೆ ಹೆಣೆದುಕೊಂಡ ದೋಷ. ಗ್ರಂಥಸಂಪಾದನೆಯ ಅನುಭವವುಳ್ಳವರಿಗೆ ಇದು ಹೊಸದೆನಿಸದು. ಳಕಾರವಿರಬೇಕಾದ ಕಡೆಯೆಲ್ಲ ಲಕಾರವನ್ನೇ ಬರೆಯುವ ಲಿಪಿಕಾರನ ಪ್ರತಿ ಕೈಗೆ ಬಂದಾಗ, ಸಂಪಾದಕರು ಮೊದಲು ಆ ಅಭ್ಯಾಸವನ್ನು ಗುರುತಿಸಿ, ಅದರ ಕಣ್ಣಿನಿಂದಲೇ ಪ್ರತಿಯನ್ನೆಲ್ಲ ಓದಿ ಮುಗಿಸುತ್ತಾರೆ, ತಿದ್ದುವುದು ಆಮೇಲೆ.

ಈ ನಿರ್ಧಾರದ ಬಳಿಕವೇ ಬೀರುವಿನ ಬೀಗ ತೆಗೆದುದು. ಪ್ರತಿಯೊಂದು ಫ್ಲಾಪಿಯ ಅಂಚಿನ ಕಚ್ಚಿನ ಮೇಲೆ ಬೆಳಕು ತೂರದ ಕಪ್ಪು ಚೀಟಿಯನ್ನು ಅಂಟಿಸಿ, ಅಕಸ್ಮಾತ್ತಾಗಿ ಬರೆಯಲು ಆಸ್ಪದವಿಲ್ಲದಂತೆ ಮಾಡಲಾಯಿತು. ಪಾರದರ್ಶಕವಾದ ಟೇಪು ಇದಕ್ಕೆ ಸಲ್ಲದು. ಕೆಲವು ಡ್ರೈವುಗಳು ಈ ಕಚ್ಚನ್ನು ಬೆಳಕಿನಿಂದಲೇ ಪರೀಕ್ಷಿಸುತ್ತವೆ. ಓದುವುದಕ್ಕೆ ಹಳೆಯ ಎಕ್ಸ್‌ಟಿಯನ್ನು ಬಳಸದೆ, ಡ್ರೈವನ್ನು ಮಾತ್ರ ಬೇರ್ಪಡಿಸಿ, ಗ್ರೀಸ್‌ವೀಜಲ್ ಎಂಬ ಚಿಕ್ಕ ಹಲಗೆಯ ಮೂಲಕ ಈಗಿನ ಗಣಕಯಂತ್ರಕ್ಕೆ ಜೋಡಿಸಿದೆವು. ಕೀರ್ ಫ್ರೇಸರ್ ಎಂಬವರು ರೂಪಿಸಿ ಅದರ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿರಿಸಿದ್ದಾರೆ. ಇದಕ್ಕೆ ಮುಂಚೆ ಕ್ರಯೋಫ್ಲಕ್ಸ್ ಎಂಬ ಸಾಧನ ಇದೇ ಉದ್ದೇಶಕ್ಕೆ ಬಳಕೆಯಲ್ಲಿತ್ತು. ಇವುಗಳ ವೈಶಿಷ್ಟ್ಯವೇನೆಂದರೆ ತಟ್ಟೆಯ ಮೇಲಿರುವುದು ಯಾವ ಅಕ್ಷರವೆಂದು ಅವು ಸ್ಥಳದಲ್ಲಿಯೇ ನಿರ್ಣಯಿಸುವುದಿಲ್ಲ. ಕಾಂತತೆ ಎಲ್ಲೆಲ್ಲಿ ದಿಕ್ಕು ಬದಲಿಸುತ್ತದೆಯೋ ಅದನ್ನಷ್ಟೇ ಕಾಲಕ್ರಮದಲ್ಲಿ ಬರೆದುಕೊಳ್ಳುತ್ತವೆ. ಡಾಸ್ ಓದುವುದು ಶಾಸನವನ್ನು ಕಣ್ಣಿನಿಂದ ನೋಡಿ ನಕಲು ಮಾಡಿಕೊಂಡಂತೆ. ಇದು ಕಾಗದವನ್ನು ಒತ್ತಿ ಪಡಿಯಚ್ಚು ತೆಗೆದಂತೆ. ಬಿ.ಟಿ.ಎಂ. ಬಡಾವಣೆಯ ದಕ್ಷಿಣಕ್ಕೆ ಸಮೀಪದಲ್ಲಿಯೇ ಇರುವ ಬೇಗೂರಿನ ವೀರಗಲ್ಲು, ಬೆಂಗಳೂರೆಂಬ ಹೆಸರು ಕಾಣಿಸಿಕೊಳ್ಳುವ ಒಂಬತ್ತನೆಯ ಶತಮಾನದ ಆ ಶಾಸನ, ೧೯೦೫ರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಸೇರಿದೆ. ಅಂಥ ಕಲ್ಲಿನ ಪಡಿಯಚ್ಚು ಕೈಯಲ್ಲಿದ್ದರೆ ಸಂದೇಹವುಳ್ಳ ಅಕ್ಷರವನ್ನು ನೂರು ವರ್ಷದ ಮೇಲೂ ಮತ್ತೆ ವಿಚಾರಿಸಬಹುದು. ಫ್ಲಾಪಿಯ ವಿಷಯದಲ್ಲಿಯೂ ಇದೇ ಅನುಕೂಲ.

ಫಲಿತಾಂಶ ನಿರೀಕ್ಷೆಗಿಂತ ಸ್ವಾರಸ್ಯವಾಗಿತ್ತು. ಹತ್ತೊಂಬತ್ತರಲ್ಲಿ ಹನ್ನೆರಡು ಫ್ಲಾಪಿಗಳನ್ನು ಹಳೆಯ ಡ್ರೈವು ಪೂರ್ಣವಾಗಿ ಓದಿತು. ಅವನ್ನು ಸುಸ್ಥಿತಿಯ ಡ್ರೈವು ಓದಲಾರದೆ ಹೋಯಿತು. ಐದು ಫ್ಲಾಪಿಗಳ ವಿಷಯದಲ್ಲಿ ಇದಕ್ಕೆ ವಿರುದ್ಧ: ಹಳೆಯ ಡ್ರೈವು ತಡವರಿಸಿತು, ಸುಸ್ಥಿತಿಯ ಡ್ರೈವು ಸುಲಭವಾಗಿ ಓದಿತು. ಈ ಐದನ್ನು ಬೇರೆ ಯಂತ್ರದಲ್ಲಿ ಬರೆದಿರಬಹುದೆ, ಅಥವಾ ಹೆಡ್ಡು ಸರಿಯುವುದಕ್ಕೆ ಮುಂಚೆ ಇದೇ ಯಂತ್ರದಲ್ಲಿ ಬರೆದುದೆ? ಕಡತಗಳಿಗೆ ಯಂತ್ರವೇ ಹಾಕುವ ದಿನಾಂಕ ಇಲ್ಲಿ ನೆರವಾಗುವುದಿಲ್ಲ. ಗಡಿಯಾರದ ಅನುಬಂಧವಿಲ್ಲದ ಎಕ್ಸ್‌ಟಿ ಯಂತ್ರ, ಯಾರೂ ದಿನಾಂಕವನ್ನು ತಿಳಿಸದಿದ್ದರೆ, ಪ್ರತಿದಿನವೂ ೧೯೮೦ರ ಜನವರಿ ೧ ಎಂದೇ ಭಾವಿಸಿ ಎಚ್ಚರಗೊಳ್ಳುತ್ತದೆ. ನಮ್ಮ ಸಂಗ್ರಹದ ಬಹುಪಾಲು ಕಡತಗಳು ಈ ಒಂದೇ ತಾರೀಖನ್ನು ಹೊತ್ತಿವೆ. ಇದನ್ನರಿಯದವರು ಉಪಾಧ್ಯಾಯರು ೧೯೮೦ರಲ್ಲಿ, ಎಂದರೆ ಐಬಿಎಂ ಪಿಸಿ ಹುಟ್ಟುವುದಕ್ಕೂ ಮುಂಚೆ, ಈ ಕಾರ್ಯವನ್ನು ನೆರವೇರಿಸಿದರೆಂದು ಬರೆದಾರು! ಆದರೆ ಪಾಠದೊಳಗೆ ಅಲ್ಲಲ್ಲಿ ಸಂದರ್ಶನದ ದಿನವನ್ನು ಅವರು ತಾವೇ ನಮೂದಿಸಿದ್ದಾರೆ. ಆ ಐದು ಫ್ಲಾಪಿಗಳಲ್ಲಿ ೧೯೯೦ರ ಕೊನೆಗಿಂತ ಈಚಿನ ಯಾವ ದಿನವೂ ಇಲ್ಲ. ಹನ್ನೆರಡರಲ್ಲಿ ೧೯೯೧ರ ಬೇಸಗೆಗಿಂತ ಹಿಂದಿನದು ಯಾವುದೂ ಇಲ್ಲ. ಬರೆಯುವ ರೀತಿ, ಕಡತಗಳಿಗೆ ಹೆಸರಿಡುವ ಕ್ರಮ ಎರಡು ಗುಂಪಿನಲ್ಲಿಯೂ ಒಂದೇ. ಆದ್ದರಿಂದ ಡ್ರೈವಿನ ಹೆಡ್ಡು ಸರಿದುದು ಈ ಎರಡು ಗಡಿಗಳ ನಡುವೆ ಎಂದೂ, ಐದು ಫ್ಲಾಪಿಗಳು ಅದಕ್ಕೆ ಹಿಂದಿನವು ಎಂದೂ ಭಾವಿಸುವುದು ನ್ಯಾಯವಾಗಿ ತೋರುತ್ತದೆ.

ಇದರಿಂದ ಒಂದು ಪ್ರಯೋಜನ ಉಂಟು. ಒಳಗೆ ದಿನವನ್ನೇ ಹೇಳದ ಸಂದರ್ಶನಗಳೂ ಈ ಫ್ಲಾಪಿಗಳಲ್ಲಿವೆ. ಅವು ಹೆಡ್ಡು ಸರಿಯುವುದಕ್ಕೆ ಮುಂಚಿನವೋ ಅನಂತರದವೋ ಎಂಬುದನ್ನು ಅವು ಓದಿಸಿಕೊಳ್ಳುವ ಬಗೆಯಿಂದಲೇ ನಿರ್ಣಯಿಸಬಹುದು. ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯ ತಿರುವಿನಿಂದ ಊಹಿಸುವ ನಮ್ಮ ರೂಢಿಯ ವಿಧಾನಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಒಂದೇ ಕೆರೆಯ ಕಾಲುವೆಯ ವಿಷಯದಲ್ಲಿ ಒಬ್ಬರೇ ವೃದ್ಧರು ಎರಡು ಬಗೆಯಾಗಿ ಹೇಳಿದ ಪ್ರಸಂಗವೊಂದು ಇದೆ. ಮೊದಲ ಹೇಳಿಕೆ ಯಾವುದು, ತಿದ್ದಿದ ಹೇಳಿಕೆ ಯಾವುದು ಎಂಬುದು ಈ ವಿಧಾನದಿಂದಲೇ ಸ್ಪಷ್ಟವಾಯಿತು. ಡ್ರೈವನ್ನು ಮೊದಲೇ ಸರಿಪಡಿಸಿದ್ದರೆ ಪಾಠದೊಂದಿಗೆ ಈ ಸಾಕ್ಷ್ಯವೂ ಅಳಿಯುತ್ತಿತ್ತು.

ಉಳಿದ ಎರಡು ಫ್ಲಾಪಿಗಳ ಕಥೆ ಬೇರೆ. ಒಂದರ ಲೇಪದ ಮೇಲೆ ಬೂಷ್ಟು ಹಿಡಿದಿದೆ. ಬೆಂಗಳೂರಿನ ಮಳೆಗಾಲದ ತೇವಕ್ಕೆ ಇದು ಸಾಮಾನ್ಯ. ಬೂಷ್ಟು ಹೊರಗಿನ ಟ್ರ್ಯಾಕುಗಳನ್ನೇ ಆಕ್ರಮಿಸಿದೆ. ಯಾವ ಕಡತ ಎಲ್ಲಿದೆಯೆಂಬ ಸೂಚಿಯನ್ನು ಡಾಸ್ ಬರೆಯುವುದು ಅಲ್ಲಿಯೇ. ಸೂಚಿ ಹೋದರೂ ಒಳಗಿನ ಖಂಡಗಳು ಬಹುಮಟ್ಟಿಗೆ ಉಳಿದಿರುವ ಸಂಭವವಿದೆ. ತಟ್ಟೆಯನ್ನು ಕವಚದಿಂದ ಹೊರತೆಗೆದು ಭಟ್ಟಿಯಿಳಿಸಿದ ನೀರಿನಲ್ಲಿ ತೊಳೆದು ಒಣಗಿಸುವವರೆಗೆ ಅದನ್ನು ಡ್ರೈವಿಗೆ ಹಾಕುವುದಿಲ್ಲ. ಎರಡನೆಯದು ಇನ್ನೂ ಜಟಿಲ. ಉಪಾಧ್ಯಾಯರ ಸಂಬಂಧಿಕರು ಯಾರೋ ಅದನ್ನು ೧.೨ ಮೆಗಾಬೈಟಿನ ಎಟಿ ಡ್ರೈವಿಗೆ ಹಾಕಿ ಅದರ ಮೇಲೆ ಬೇರೇನನ್ನೋ ಬರೆದಿದ್ದಾರೆ. ಆ ಡ್ರೈವಿನ ಹೆಡ್ಡು ಹಳೆಯದರ ಅರ್ಧದಷ್ಟೇ ಅಗಲ. ಹೀಗಾಗಿ ಹೊಸ ಬರಹ ನಡುವೆ ಕಿರಿದಾಗಿ ಬಿದ್ದು, ಅದರ ಪಕ್ಕದಲ್ಲಿ ಹಳೆಯ ಬರಹದ ಅಂಚು ಅಳಿಯದೆ ಉಳಿದಿದೆ. ಹಳೆಯ ಹೆಡ್ಡಿಗೆ ಎರಡೂ ಒಮ್ಮೆಗೇ ಕೇಳಿಸಿ ಗೊಂದಲವಾಗುತ್ತದೆ. ಒರೆಸಿದ ಕಡತದ ಮೇಲೆ ಮತ್ತೆ ಬಳಪದಿಂದ ಬರೆದಾಗ ಹಿಂದಿನ ಅಕ್ಷರದ ನೆರಳು ಕಾಣುವಂತೆ ಇದು. ಹೆಡ್ಡನ್ನು ಉದ್ದೇಶಪೂರ್ವಕವಾಗಿ ಸರಿಸಬಲ್ಲ ಇನ್ನೊಂದು ಡ್ರೈವಿನಿಂದ ಅಂಚನ್ನು ಮಾತ್ರ ಓದುವ ಯತ್ನ ನಡೆದಿದೆ. ಕೆಲವು ಖಂಡಗಳು ದೊರೆತಿವೆ.

ಓದಿದುದೆಲ್ಲ ಒಡನೆಯೇ ಕನ್ನಡವಾಗಿ ಕಂಡಿತೆಂದು ತಿಳಿಯಬಾರದು. ಉಪಾಧ್ಯಾಯರ ಯಂತ್ರದಲ್ಲಿ ಭಾರತೀಯ ಲಿಪಿಗಳಿಗಾಗಿ ಮಾಡಿದ ಜಿಸ್ಟ್ ಕಾರ್ಡ್ ಇತ್ತು; ಈ ತಂತ್ರವನ್ನು ಬೆಳೆಸಿ ಪ್ರಚಾರಕ್ಕೆ ತಂದುದು ಪುಣೆಯ ಸಿ-ಡ್ಯಾಕ್ ಸಂಸ್ಥೆ. ಅಕ್ಷರಗಳನ್ನು ಅದು ಇಸ್ಕಿ ಎಂಬ ಸಂಕೇತಕ್ರಮದಲ್ಲಿ ಇಡುತ್ತಿತ್ತು. ೧೯೯೧ರಲ್ಲಿ ಭಾರತೀಯ ಮಾನಕವಾದ ಈ ಕ್ರಮದಲ್ಲಿ ಎಲ್ಲ ಭಾರತೀಯ ಲಿಪಿಗಳ ಕಕಾರಕ್ಕೂ ಒಂದೇ ಸಂಖ್ಯೆ. ಯೂನಿಕೋಡಿನ ಕನ್ನಡದ ವಿಭಾಗವೂ ಇಸ್ಕಿಯ ೧೯೮೮ರ ರೂಪವನ್ನು ಅನುಸರಿಸಿ ರಚಿತವಾದುದರಿಂದ ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ೧೯೯೦ರ ದಶಕದ ಮುದ್ರಣತಂತ್ರಾಂಶಗಳಲ್ಲಿ ಬೆರಳಚ್ಚಾದ ಫ್ಲಾಪಿಗಳ ಪಾಡು ಇದಕ್ಕಿಂತ ಕಠಿನ. ಅಲ್ಲಿ ಒಂದೊಂದು ಸಂಸ್ಥೆ ತನ್ನ ಅಕ್ಷರಭಾಗಗಳಿಗೆ ತನಗೆ ತೋಚಿದ ಸಂಖ್ಯೆಯನ್ನು ಕೊಟ್ಟಿತ್ತು. ಅದು ಪ್ರತ್ಯೇಕ ಪ್ರಬಂಧಕ್ಕೆ ತಕ್ಕ ವಿಷಯ.

ಇಲ್ಲಿ ಒಂದು ಮಾತನ್ನು ಹೇಳದೆ ಬಿಡಲಾಗದು. ಈ ಬಡಾವಣೆಗಳಲ್ಲಿ ವಿಚಾರಿಸಿದ ಹತ್ತಾರು ಮನೆಗಳಲ್ಲಿ ಕಂಡುಬಂದುದೇನೆಂದರೆ, ಜನ ಫ್ಲಾಪಿಯನ್ನು ತಂದೆಯದು, ತಾತನದು ಎಂಬ ಗೌರವದಿಂದ ಕಾಪಾಡಿಕೊಂಡಿದ್ದಾರೆ. ಜಾಗ ತುಂಬುತ್ತದೆಂದು ಯಂತ್ರವನ್ನು ಗುಜರಿಗೆ ಹಾಕಿದ್ದಾರೆ. ಸ್ಥಾನಭ್ರಂಶವಾದ ಡ್ರೈವುಗಳು ಅಪರೂಪವೇನೂ ಆಗಿರಲಿಲ್ಲ. ಒಂದೇ ಯಂತ್ರದಲ್ಲಿ ಬರೆದು ಅದರಲ್ಲಿಯೇ ಓದಿಕೊಳ್ಳುತ್ತಿದ್ದವರಿಗೆ ಆ ದೋಷ ತಿಳಿಯುವ ಸಂದರ್ಭವೇ ಒದಗುತ್ತಿರಲಿಲ್ಲ. ನಮ್ಮ ಉಪಾಧ್ಯಾಯರಿಗೂ ತಿಳಿದಿರಲಾರದು. ಅಂಥ ಮನೆಗಳ ಫ್ಲಾಪಿಗಳು ಓದಲಾರದೆ ಬಂದಾಗ, ತಟ್ಟೆ ಸತ್ತಿದೆಯೆಂದು ತೀರ್ಮಾನಿಸುವ ಮೊದಲು ಹೆಡ್ಡನ್ನು ಸರಿಸಿ ಸರಿಸಿ ಓದಿ ನೋಡುವ ದೀರ್ಘವಾದ ದಾರಿಯೊಂದೇ ಉಳಿಯುತ್ತದೆ.

ಪ್ರಕೃತ ಸಂಗ್ರಹದ ಹದಿನೇಳು ಫ್ಲಾಪಿಗಳ ಪಾಠವನ್ನು, ಮೂಲ ಬೈಟುಗಳನ್ನೂ ಕಾಂತಲೇಖದ ಪಡಿಯಚ್ಚನ್ನೂ ಬೇರೆ ಬೇರೆಯಾಗಿ ಇರಿಸಿ, ವಿಭಾಗದಲ್ಲಿ ಎರಡು ಕಡೆ ಸಂರಕ್ಷಿಸಲಾಗಿದೆ. ಸಾರಕ್ಕಿ ಮತ್ತು ಬೈರಸಂದ್ರದ ಹೇಳಿಕೆಗಳನ್ನು ಹಳೆಯ ಗ್ರಾಮನಕ್ಷೆಗಳೊಂದಿಗೆ ತಾಳೆ ನೋಡುವ ಕೆಲಸ ಆರಂಭವಾಗಿದೆ. ಡ್ರೈವಿನ ತಿರುಪುಗಳ ಮೇಲೆ ಮೇಣದ ಮುದ್ರೆಯೊತ್ತಿ, 'ಹೆಡ್ಡನ್ನು ಸರಿಪಡಿಸಬಾರದು' ಎಂಬ ಚೀಟಿಯನ್ನಂಟಿಸಿ, ಓದದೆ ಉಳಿದಿರುವ ಎರಡು ಫ್ಲಾಪಿಗಳೊಂದಿಗೆ ಅದನ್ನು ಒಂದೇ ಬೀರುವಿನಲ್ಲಿಡಲಾಗಿದೆ.